ಅಜ್ಜಿಯ ಬೀಸುಕಲ್ಲಿನ ಪದದ ಕ್ಯಾಸೆಟ್: ದನಿ ಮಂಕು, ಜೊತೆಗೆ ಗುಂಯ್ ಸದ್ದು

ಗದಗಿನ ಮೊಮ್ಮಗ
ಎಲ್ಲರಿಗೂ ನಮಸ್ಕಾರ. 1991ರಲ್ಲಿ ನಮ್ಮ ಕಾಕಾ ಮನೆಯ ರೇಡಿಯೊ-ಟೇಪ್ ಎರಡೂ ಇದ್ದ ಟೂ-ಇನ್-ಒನ್‌ನಲ್ಲಿ ಅಜ್ಜಿಯ ಬೀಸುಕಲ್ಲಿನ ಪದ ತುಂಬಿಕೊಂಡಿದ್ದರು. ಒಟ್ಟು 90 ನಿಮಿಷದ ಸಿ-90 ಕ್ಯಾಸೆಟ್, ಎರಡೂ ಕಡೆ ಪದಗಳೇ. ಅಜ್ಜಿ ಈಗಿಲ್ಲ, ಆ ಟೂ-ಇನ್-ಒನ್ ಎಂದೋ ಗುಜರಿಗೆ ಹೋಯಿತು. ಹುಬ್ಬಳ್ಳಿಯಿಂದ ಹಳೇ ಕ್ಯಾಸೆಟ್ ಡೆಕ್ ಒಂದು ತಂದೆ. ಅದರ ಹೆಡ್‌ಫೋನ್ ಪಿನ್ನಿನಿಂದ ಲ್ಯಾಪ್‌ಟಾಪ್‌ನ ಮೈಕ್‌ಗೆ ವೈರ್ ಕೊಟ್ಟು ಅಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದೆ. ಅಜ್ಜಿ ಕಂಬಳಿ ಹೊದ್ದು ಹಾಡಿದ ಹಾಗಿದೆ. ಹಿಂದೆ ಗುಂಯ್ ಅಂತ ಒಂದೇ ಸಮನೆ ಸದ್ದು. ಜೋರಾಗಿ ಹಾಡಿದಲ್ಲಿ ದನಿ ಒಡೆಯುತ್ತದೆ. ಅಂಗಡಿಯವರು "ಟೇಪ್ ಹೋಗೇತ್ರಿ" ಅಂದರು. ನಿಜವಾ?

ಹಳೇ ಡೆಕ್
ಟೇಪ್ ಹೋಗಿಲ್ಲ ತಮ್ಮಾ, ಗಾಬರಿ ಬೇಡ. ಮೊದಲು ಚಾರ್ಜರ್ ಕಿತ್ತು, ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡು. ಗುಂಯ್ ಸದ್ದು ಅರ್ಧಕ್ಕರ್ಧ ಅಲ್ಲಿಂದಲೇ ಬರುತ್ತದೆ. ದನಿ ಒಡೆಯುವುದು ಮೈಕ್ ಪಿನ್ನಿನಿಂದ. ಅದು ಸಣ್ಣ ಸದ್ದನ್ನು ದೊಡ್ಡದು ಮಾಡಲಿಕ್ಕೆ ಇರುವುದು, ಡೆಕ್ಕಿನ ಸದ್ದು ಅದಕ್ಕೆ ಜಾಸ್ತಿ. ಲೈನ್-ಇನ್ (ಡೆಕ್ಕಿನಂಥ ಜೋರು ಸದ್ದಿಗೆ ಇರುವ ಪಿನ್) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೋ, ಡೆಕ್ಕಿನ ಹಿಂದಿನ ಲೈನ್-ಔಟ್‌ನಿಂದ ಕೊಡು. ತೀರಾ ಅಗ್ಗದವುಗಳಲ್ಲಿ ಮೈಕ್ ಪಿನ್ ಮಾತ್ರ ಇರುತ್ತದೆ, ನೋಡಿಕೊಂಡು ತಗೋ. ಅಡಾಸಿಟಿಯ ಸದ್ದಿನ ಮೀಟರ್ ಮೈನಸ್ 6 ಡೆಸಿಬಲ್ ದಾಟದಂತೆ ಇಟ್ಟುಕೋ. ಮತ್ತೆ, ಸುಯ್ ಸದ್ದಿನ ಜೊತೆ ತೀಕ್ಷ್ಣ ದನಿಯನ್ನೂ ತಗ್ಗಿಸುವ ಡಾಲ್ಬಿ ಬಟನ್ ಒತ್ತಿದೆಯಾ?

ಗದಗಿನ ಮೊಮ್ಮಗ
ಒತ್ತಿತ್ತು ಅಣ್ಣಾರ! ತೆಗೆದ ಮೇಲೆ ಸ್ವಲ್ಪ ಸುಧಾರಿಸಿತು. ಕಾರ್ಡ್ ಬಂತು, ಗುಂಯ್ ಹೋಯಿತು, ದನಿ ಒಡೆಯುವುದೂ ನಿಂತಿತು. ಟೇಪ್ ಓದುವ ಹೆಡ್ ಕೂಡ ಸ್ಪಿರಿಟ್ ಹಚ್ಚಿ ಒರೆಸಿದೆ, ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಆದರೆ ಕಂಬಳಿ ಪೂರ್ತಿ ಸರಿದಿಲ್ಲ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ ಹಾಕಿದರೆ ಚೆನ್ನಾಗಿ ಕೇಳುತ್ತದೆ, ಇದೊಂದೇ ಮಂಕು.

ಧಾರವಾಡ ಫೇಡಾ
ಅಡಾಸಿಟಿಯಲ್ಲಿ ಟ್ರೆಬಲ್ (ತೀಕ್ಷ್ಣ ಸದ್ದು) ಏರಿಸಿಬಿಡಿ, ಮುಗೀತು.

ಹಳೇ ಡೆಕ್
ಬೇಡ. ಟೇಪಿನಿಂದ ಬರದೇ ಇದ್ದದ್ದನ್ನು ಕಂಪ್ಯೂಟರ್ ಎಲ್ಲಿಂದ ತರುತ್ತದೆ? ಬರೀ ಸುಯ್ ಅನ್ನುವುದು ಜಾಸ್ತಿ ಆಗುತ್ತದೆ.

ಬೇರೆ ಕ್ಯಾಸೆಟ್ ಸರಿ, ಮನೆಯಲ್ಲಿ ತುಂಬಿದ್ದು ಮಾತ್ರ ಮಂಕು ಅಂದೆಯಲ್ಲ, ಗುಟ್ಟು ಅಲ್ಲೇ ಇದೆ. ಕಾಕಾನ ಟೂ-ಇನ್-ಒನ್‌ನ ಹೆಡ್ ಒಂಚೂರು ವಾರೆ ಇತ್ತು. ಅದೇ ವಾರೆಯಲ್ಲಿ ಪದ ಟೇಪಿಗೆ ಇಳಿದಿದೆ. ನಿನ್ನ ಡೆಕ್ಕಿನ ಹೆಡ್ ನೆಟ್ಟಗೆ ನಿಂತು ಓದುತ್ತಿದೆ. ಈ ಕೋನಕ್ಕೆ ಅಜಿಮತ್ ಅನ್ನುತ್ತಾರೆ. ಅದು ಹೊಂದದಿದ್ದರೆ ಮೊದಲು ಸಾಯುವುದು ಸಣ್ಣ, ತೀಕ್ಷ್ಣ ಸದ್ದುಗಳೇ.

ಕ್ಯಾಸೆಟ್ ಬಾಗಿಲಿನ ಮುಚ್ಚಳ ತೆಗೆದು ಪ್ಲೇ ಒತ್ತು. ಹೆಡ್ಡಿನ ಎರಡು ಪಕ್ಕ ಸ್ಕ್ರೂ ಕಾಣುತ್ತವೆ. ಕೆಳಗೆ ಸ್ಪ್ರಿಂಗ್ ಇರುವುದನ್ನು ಮಾತ್ರ ತಿರುಗಿಸಬೇಕು, ಸಾಮಾನ್ಯವಾಗಿ ಅದರ ಮೇಲೆ ಬಣ್ಣದ ಚುಕ್ಕೆ ಇರುತ್ತದೆ. ಈಗ ಎಲ್ಲಿದೆ ಅಂತ ಫೋಟೊ ತೆಗೆದಿಟ್ಟುಕೋ. ಆಯಸ್ಕಾಂತದ ಸ್ಕ್ರೂಡ್ರೈವರ್ ಬೇಡವೇ ಬೇಡ. ಎಡ-ಬಲ ಎರಡೂ ಸೇರಿಸಿ ಮೊನೊದಲ್ಲಿ ಕೇಳುತ್ತ, ಗಡಿಯಾರದ ದೊಡ್ಡ ಮುಳ್ಳು ಐದು ನಿಮಿಷದಲ್ಲಿ ಸರಿಯುವಷ್ಟು ಮಾತ್ರ ಆಕಡೆ ಈಕಡೆ ತಿರುಗಿಸು. ಮೊನೊದಲ್ಲಿ ತಪ್ಪು ಎದ್ದು ಕಾಣುತ್ತದೆ.

ಗದಗಿನ ಮೊಮ್ಮಗ
ಅಣ್ಣಾರ, ಏನ್ ಹೇಳಲಿ! ಸ್ಕ್ರೂ ಒಂದು ಎಳೆಯಷ್ಟು ತಿರುಗಿತು, ಅಷ್ಟೇ. ಕಲ್ಲಿನ ಗರಗರ ಮೊದಲು ಬಂತು. ಆಮೇಲೆ ಬಳೆ ಸದ್ದು. ಅಜ್ಜಿ ಗೂಟ ಹಿಡಿದು ತಿರುಗಿಸುವಾಗ ಪ್ರತಿ ಸುತ್ತಿಗೂ ಬಳೆ ಒಂದು ಸಲ ಗಲ್ ಅನ್ನುತ್ತದೆ. ಇಷ್ಟು ದಿನ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಅವ್ವನನ್ನು ಕರೆದು ಕೇಳಿಸಿದೆ. ಸುಮ್ನೆ ಕೂತರು.

ಎ ಕಡೆ ಏನೂ ಕುಗ್ಗಿಸದ ಡಬ್ಲ್ಯೂಎವಿ ಫೈಲ್ ಮಾಡಿದೆ, 45 ನಿಮಿಷಕ್ಕೆ 470 ಎಂಬಿ ಚಿಲ್ಲರೆ. ಎಂಪಿ3 ಸಾಕಾ?

ಹಳೇ ಡೆಕ್
ಹಂಚಲಿಕ್ಕೆ ಎಂಪಿ3 ಸಾಕು. ಮೂಲ ಡಬ್ಲ್ಯೂಎವಿ ಎರಡು ಜಾಗದಲ್ಲಿ ಇಡು, ಒಂದು ಕಾಕಾನ ಮನೆಯಲ್ಲಿರಲಿ. ಬಿ ಕಡೆ ಹಾಕುವ ಮುನ್ನ ಕ್ಯಾಸೆಟ್ಟಿನ ಬೆನ್ನ ಮೇಲಿನ ಎರಡೂ ಪ್ಲಾಸ್ಟಿಕ್ ಚಿಪ್ಪು ಮುರಿದುಬಿಡು. ಕೈ ತಪ್ಪಿ ರೆಕಾರ್ಡ್ ಒತ್ತಿದರೂ ಅಜ್ಜಿ ಅಳಿಸಿಹೋಗುವುದಿಲ್ಲ.

ಗದಗಿನ ಮೊಮ್ಮಗ
ಮುರಿದೆ. ಬಿ ಕಡೆ ಓಡುತ್ತಿದೆ, ಸ್ಕ್ರೂ ಮತ್ತೆ ಒಂಚೂರು ಬೇಕಾಯಿತು.