ಇಂಗ್ಲಿಷ್ ಗಾರ್ಡನ್‌ಗಳ ಇತಿಹಾಸ: ಯಾವ ಎಳೆ ಹಿಡಿದು ಓದಲಿ?

ಓದುಬಾಕಿ:

ಎಲ್ಲರಿಗೂ ನಮಸ್ಕಾರ. ಜೇನ್ ಆಸ್ಟಿನ್ ಕಾದಂಬರಿಗಳಿಂದ ನನಗೆ ಈ ಹುಚ್ಚು ಹತ್ತಿದ್ದು. ಅಲ್ಲಿ ಜನ ಬೇಜಾರಾದರೂ ಪಾರ್ಕಿಗೆ ಹೋಗುತ್ತಾರೆ, ಖುಷಿಯಾದರೂ ಪಾರ್ಕಿಗೆ ಹೋಗುತ್ತಾರೆ. 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನಲ್ಲಂತೂ ಹಂಫ್ರಿ ರೆಪ್ಟನ್ ಎಂಬ ನಿಜವಾದ ಗಾರ್ಡನ್ ಡಿಸೈನರ್ ಹೆಸರೇ ಬರುತ್ತದೆ. ದಿನಕ್ಕೆ ಐದು ಗಿನಿ (ಆಗಿನ ಇಂಗ್ಲಿಷ್ ನಾಣ್ಯ) ತೆಗೆದುಕೊಳ್ಳುತ್ತಾನಂತೆ. ಯಾರಪ್ಪ ಇವನು ಎಂದು ಹುಡುಕಲು ಹೋಗಿ ಇತಿಹಾಸದ ದಪ್ಪ ಪುಸ್ತಕಗಳ ಮುಂದೆ ಬಂದು ಕೂತಿದ್ದೇನೆ.

ಕಷ್ಟ ಏನೆಂದರೆ, ಯಾವುದೂ ತಲೆಯಲ್ಲಿ ನಿಲ್ಲುತ್ತಿಲ್ಲ. ಟ್ಯೂಡರ್, ಫಾರ್ಮಲ್, ಲ್ಯಾಂಡ್‌ಸ್ಕೇಪ್, ಪಿಕ್ಚರೆಸ್ಕ್, ವಿಕ್ಟೋರಿಯನ್ ಎಂದು ಶೈಲಿಗಳ ಸಾಲು. ಪುಟಕ್ಕೊಬ್ಬ ಹೊಸ ಡ್ಯೂಕ್. ಫೋಟೋ ನೋಡಿದರೆ ಎಲ್ಲ ಕಡೆ ಹುಲ್ಲು, ಮರ, ನೀರು, ಒಂದು ಕಲ್ಲಿನ ಮಂಟಪ. ನಾನು ಗಿಡ ಬೆಳೆಸುವವಳಲ್ಲ. ಸಸ್ಯಗಳ ಲ್ಯಾಟಿನ್ ಹೆಸರೂ ಬೇಡ.

ಇನ್ನೊಂದು ಅನುಮಾನ. ಎಲ್ಲರೂ ಇಂಗ್ಲಿಷ್ ಗಾರ್ಡನ್ ಅಂದರೆ 'ಸಹಜ' ಎನ್ನುತ್ತಾರೆ. ಅಷ್ಟೊಂದು ಆಳು, ಅಷ್ಟೊಂದು ದುಡ್ಡು ಸುರಿದು ಮಾಡಿದ್ದು ಸಹಜ ಹೇಗಾಗುತ್ತದೆ? ಓದಿದವರು ದಾರಿ ಹೇಳಿ.


ಹಸಿರುಪುಟ:

ಕ್ರಮವಾಗಿ ಓದಿ, ಅಷ್ಟೇ. ಹಿಂದಿನದು ಗೊತ್ತಿಲ್ಲದೆ ಮುಂದಿನವರು ಯಾರ ಜೊತೆ ಜಗಳ ಆಡುತ್ತಿದ್ದಾರೆ ಎಂದು ತಿಳಿಯುವುದಿಲ್ಲ. ಫ್ರಾನ್ಸಿಸ್ ಬೇಕನ್ 1625ರಲ್ಲಿ ಗಾರ್ಡನ್ ಬಗ್ಗೆ ಬರೆದ ಪ್ರಬಂಧ ಚಿಕ್ಕದು, ಒಂದೇ ಸಲಕ್ಕೆ ಮುಗಿಯುತ್ತದೆ. ಆಗ ಗಿಡ್ಡ ಪೊದೆಗಳನ್ನು ಹೆಣೆದ ಗಂಟಿನ ಥರ ಬೆಳೆಸಿ, ನಡುವೆ ಬಣ್ಣಬಣ್ಣದ ಮಣ್ಣು ತುಂಬುವ ಫ್ಯಾಷನ್ ಇತ್ತು. ಇಂಥ ಚಿತ್ತಾರವನ್ನು ಸಿಹಿತಿಂಡಿಯ ಮೇಲೂ ನೋಡಬಹುದು ಎಂದು ಬೇಕನ್ ಕೈ ಬೀಸಿಬಿಡುತ್ತಾನೆ. ಮರವನ್ನು ಕತ್ತರಿಸಿ ಆಕಾರ ಮಾಡುವುದು ಮಕ್ಕಳಾಟ ಅಂತಲೂ ಹೇಳುತ್ತಾನೆ. ಅಲ್ಲಿಂದ ನೂರು ವರ್ಷ ಮುಂದೆ ಬನ್ನಿ. ಕವಿ ಅಲೆಕ್ಸಾಂಡರ್ ಪೋಪ್ ಅದೇ ಕತ್ತರಿ ಕೆಲಸವನ್ನು 1713ರಲ್ಲಿ ಇನ್ನೂ ಚೆನ್ನಾಗಿ ಗೇಲಿ ಮಾಡಿದ್ದಾನೆ.


ತೂಬುಗಾರ:

ಹಸಿರುಪುಟ ಅವರ ಮಾತು ತಪ್ಪಲ್ಲ. ಆದರೆ ಶೈಲಿಯ ಹೆಸರು ಹಿಡಿದು ಹೋದರೆ ಓದುಬಾಕಿ ಮೇಡಂ ಮತ್ತೆ ಅದೇ ಡ್ಯೂಕುಗಳ ಮಧ್ಯೆ ಸಿಕ್ಕಿಕೊಳ್ಳುತ್ತಾರೆ. ನಾನು ಕೆರೆ, ಕಾಲುವೆ ಕೆಲಸದಲ್ಲಿ ಇದ್ದವನು. ಹೂವಿನ ಹೆಸರು ನನಗೂ ಬರುವುದಿಲ್ಲ. ನಾನು ಈ ಇತಿಹಾಸ ಓದಿದ್ದು ನೀರು ಹಿಡಿದು. ಯಾವ ಗಾರ್ಡನ್ ಬಗ್ಗೆ ಓದಿದರೂ ಒಂದೇ ಪ್ರಶ್ನೆ ಕೇಳುತ್ತೇನೆ: ನೀರು ಎಲ್ಲಿಂದ ಬಂತು, ಯಾರು ತಡೆದರು, ಎಲ್ಲಿ ನಿಲ್ಲಿಸಿದರು? ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಹ್ಯಾಂಪ್ಟನ್ ಕೋರ್ಟ್ ಅರಮನೆಯ ಮುಂದೆ 'ಲಾಂಗ್ ವಾಟರ್' ಎಂಬ ಕಾಲುವೆ ಇದೆ. ಎರಡನೇ ಚಾರ್ಲ್ಸ್ 1660ರ ದಶಕದ ಶುರುವಿನಲ್ಲೇ ತೋಡಿಸಿದ್ದು. ದಾರ ಹಿಡಿದು ಎಳೆದ ಹಾಗೆ ನೇರ. ಫ್ರಾನ್ಸಿನಲ್ಲಿ ಇದ್ದು ಬಂದ ದೊರೆ, ಅಲ್ಲಿನ ರುಚಿ. ಚಾಟ್ಸ್‌ವರ್ತ್ ಎಂಬ ದೊಡ್ಡ ಬಂಗಲೆಯ ತೋಟದಲ್ಲಿ 1690ರ ದಶಕದ ಒಂದು ಕ್ಯಾಸ್ಕೇಡ್ ಇದೆ. ಗುಡ್ಡದಿಂದ ನೀರು ಕಲ್ಲಿನ ಮೆಟ್ಟಿಲು ಇಳಿದು ಬರುತ್ತದೆ. ಅದೂ ನೇರ. ಈ ಕಾಲದಲ್ಲಿ ನೀರನ್ನು ಕಟ್ಟಿಹಾಕಿದ್ದೇವೆ ಎಂದು ತೋರಿಸಿಕೊಳ್ಳುವುದೇ ದೊಡ್ಡಸ್ತಿಕೆ.

ಆಮೇಲೆ 1730ರ ಸುಮಾರಿಗೆ ಲಂಡನ್ನಿನ ಹೈಡ್ ಪಾರ್ಕಿಗೆ ಬನ್ನಿ. ರಾಣಿ ಕ್ಯಾರೊಲಿನ್ ಅಲ್ಲಿ ವೆಸ್ಟ್‌ಬೋರ್ನ್ ಎಂಬ ಸಣ್ಣ ಹೊಳೆಗೆ ಅಡ್ಡ ಏರಿ ಕಟ್ಟಿಸಿದಳು. ಹಾಗೆ ಹುಟ್ಟಿದ್ದು ಸರ್ಪೆಂಟೈನ್ ಕೆರೆ. ಇದು ಬಾಗಿದೆ. ಮನುಷ್ಯರು ಕಟ್ಟಿದ ಕೆರೆ ತಾನೇ ಹುಟ್ಟಿದ ಕೆರೆಯ ಥರ ಕಾಣಬೇಕು ಎಂಬ ಆಸೆ ಇಲ್ಲಿಂದ ಜೋರಾಗುತ್ತದೆ. ನಿಮ್ಮ 'ಸಹಜ' ಅನ್ನುವ ಅನುಮಾನಕ್ಕೆ ಉತ್ತರ ಇಲ್ಲೇ ಇದೆ. ಕೆಲಸ ಕಡಿಮೆ ಆಗಲಿಲ್ಲ, ಕೆಲಸ ಮಾಡಿದ್ದು ಕಾಣಬಾರದು ಎನ್ನುವ ಇನ್ನೊಂದು ಕೆಲಸ ಸೇರಿಕೊಂಡಿತು. ನೇರ ದಡಕ್ಕಿಂತ ಬಾಗಿದ ದಡ ಕಷ್ಟ. ಏರಿಯನ್ನು ಮರಗಳ ಹಿಂದೆ ಮರೆಮಾಡಬೇಕು. ನೀರಿನ ಕೊನೆ ಕಾಣದ ಹಾಗೆ ತಿರುವಿನಲ್ಲಿ ನಿಲ್ಲಿಸಬೇಕು, ಆಗ ನೋಡುವವರಿಗೆ ಇನ್ನೂ ಮುಂದೆ ಹರಿಯುತ್ತಿದೆ ಅನ್ನಿಸುತ್ತದೆ. ತಳಕ್ಕೆ ಜೇಡಿಮಣ್ಣು ಹಾಕಿ, ನೀರು ಬೆರೆಸಿ ತುಳಿದು, ಸೋರದ ಹಾಗೆ ಗಟ್ಟಿ ಮಾಡಬೇಕು. ಇದೆಲ್ಲ ಸನಿಕೆ ಮತ್ತು ಕೈಗಾಡಿಯಲ್ಲಿ.

ಒಂದೇ ಜಾಗ ಹಿಡಿದು ಓದುವುದಾದರೆ ಬಕಿಂಗ್‌ಹ್ಯಾಮ್‌ಶೈರ್‌ನ ಸ್ಟೋ ಎಂಬ ಎಸ್ಟೇಟ್ ಹಿಡಿಯಿರಿ. ಅಲ್ಲಿ ಚಾರ್ಲ್ಸ್ ಬ್ರಿಜ್‌ಮನ್ ಎಂಬ ಗಾರ್ಡನ್ ಡಿಸೈನರ್ 1720ರ ದಶಕದಲ್ಲಿ ಒಂದು ಕೊಳ ಮಾಡಿಸಿದ. ಎಂಟು ಮೂಲೆ, ಎಂಟು ನೇರ ಅಂಚು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಫ್ಯಾಷನ್ ಬದಲಾಯಿತು. 1750ರ ದಶಕದಲ್ಲಿ ಅದೇ ಕೊಳದ ಮೂಲೆಗಳನ್ನು ಒಡೆದು ಅಂಕುಡೊಂಕು ಮಾಡಿದರು. ಹೆಸರು ಮಾತ್ರ ಈಗಲೂ ಆಕ್ಟಗನ್ ಲೇಕ್! ನೀವು ಹೇಳುವ ಆ ಶೈಲಿಗಳ ಸಾಲೆಲ್ಲ ಆ ಒಂದು ದಡದಲ್ಲಿದೆ. ಪುಸ್ತಕದಲ್ಲಿ ಸ್ಟೋದ ಹಳೇ ನಕ್ಷೆ ಮತ್ತು ಆಮೇಲಿನ ನಕ್ಷೆ ಅಕ್ಕಪಕ್ಕ ಸಿಕ್ಕಿದರೆ ಒಂದು ಸಂಜೆ ಅದಕ್ಕೇ ಕೊಡಿ.

ಸ್ಟೋದಲ್ಲೇ ಬ್ರಿಜ್‌ಮನ್ ನಂತರದ ಡಿಸೈನರ್ ವಿಲಿಯಂ ಕೆಂಟ್ ಇದ್ದ, ಅಲ್ಲೇ 1741ರಲ್ಲಿ ಲ್ಯಾನ್ಸಲಾಟ್ ಬ್ರೌನ್ ಕೆಲಸಕ್ಕೆ ಸೇರಿದ. ಇವನನ್ನೇ ಮುಂದೆ 'ಕೇಪಬಿಲಿಟಿ' ಬ್ರೌನ್ ಎಂದು ಕರೆದರು. ಇವನು ಡಿಸೈನರ್ ಅಂತ ಪುಸ್ತಕಗಳು ಹೇಳುತ್ತವೆ. ನನ್ನ ಲೆಕ್ಕದಲ್ಲಿ ಇವನು ಮೊದಲು ನೀರಿನ ಎಂಜಿನಿಯರ್. ವೂಸ್ಟರ್‌ಶೈರ್‌ನ ಕ್ರೂಮ್‌ನಲ್ಲಿ 1751ರಿಂದ ಕೆಲಸ ಶುರು ಮಾಡಿದ. ಜಾಗ ಬರೀ ಜೌಗು. ನೆಲದಡಿ ಚರಂಡಿ ಹಾಕಿ ನೀರು ಬಸಿದು, ಆ ನೀರನ್ನೇ ಕೆರೆಗೂ ಒಂದು ಸುಳ್ಳು ಹೊಳೆಗೂ ಬಿಟ್ಟ. ಜೌಗಿನಿಂದ ಈ ತೋಟ ಮಾಡಿದವನು ಎಂದು ಮಾಲೀಕ ಅವನ ನೆನಪಿಗೆ ಅಲ್ಲಿ ಕಲ್ಲು ನಿಲ್ಲಿಸಿದ್ದಾನೆ. ಅರ್ಲ್ ಪದವಿಯ ಶ್ರೀಮಂತನೊಬ್ಬ ತನ್ನ ತೋಟಗಾರನಿಗೆ ಹಾಗೆ ಬರೆಸುವುದು ಸಣ್ಣ ಮಾತಲ್ಲ.

ಬ್ಲೆನಮ್ ಅರಮನೆಯದು ಇನ್ನೂ ತಮಾಷೆ. ಅಲ್ಲಿ ವ್ಯಾನ್‌ಬ್ರೂ ಎಂಬ ವಾಸ್ತುಶಿಲ್ಪಿ ಮೊದಲೇ ಒಂದು ಭಾರಿ ಸೇತುವೆ ಕಟ್ಟಿದ್ದ. ಒಳಗೆ ಕೋಣೆಗಳೆಲ್ಲ ಇರುವ ಸೇತುವೆ. ಕೆಳಗೆ ಹರಿಯುತ್ತಿದ್ದದ್ದು ಮಾತ್ರ ಗ್ಲೈಮ್ ಎಂಬ ಪುಟ್ಟ ಹೊಳೆ. ಜನ ನಗುತ್ತಿದ್ದರು. 1760ರ ದಶಕದಲ್ಲಿ ಬ್ರೌನ್ ಬಂದು ಸೇತುವೆಯನ್ನು ಮುಟ್ಟಲಿಲ್ಲ, ಹೊಳೆಗೆ ಏರಿ ಹಾಕಿದ. ನೀರು ಏರಿ ಕೆಳಗಿನ ಕೋಣೆಗಳು ಮುಳುಗಿದವು. ಉಳಿದ ಸೇತುವೆ ನೀರಿಗೆ ಸರಿಯಾಗಿ ಹೊಂದಿಕೊಂಡಿತು. ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಲೆಕ್ಕ ಇದು.

ಬ್ರೌನ್ ಬಗ್ಗೆ ಓದುವಾಗ ಒಂದು ತೊಂದರೆ ಇದೆ. ತನ್ನ ಕೆಲಸದ ಬಗ್ಗೆ ಅವನು ಪುಸ್ತಕ ಬರೆಯಲಿಲ್ಲ. ನಿಮ್ಮ ರೆಪ್ಟನ್ ಅದಕ್ಕೆ ಉಲ್ಟಾ. 1788ರಲ್ಲಿ ಈ ಕಸುಬಿಗೆ ಇಳಿದವನು, ಬರೆದಿದ್ದೇ ಬರೆದಿದ್ದು. ಗಿರಾಕಿಗಳಿಗೆ ಕೆಂಪು ರಟ್ಟಿನ ಪುಸ್ತಕ ಮಾಡಿಕೊಡುತ್ತಿದ್ದ. ಅದರಲ್ಲಿ ನಿಮ್ಮ ಜಾಗ ಈಗ ಹೀಗಿದೆ ಎಂಬ ಬಣ್ಣದ ಚಿತ್ರ. ಮೇಲಿನ ಕಾಗದದ ಮಡಿಕೆ ಎತ್ತಿದರೆ ನಾನು ಮಾಡಿದ ಮೇಲೆ ಹೀಗಿರುತ್ತದೆ ಎಂಬ ಚಿತ್ರ. ಈಗಿನ ಯಾವ ಸೇಲ್ಸ್‌ನವನಿಗೂ ಕಡಿಮೆ ಇಲ್ಲ. ಆ ಚಿತ್ರಗಳನ್ನು ಮೊದಲು ನೋಡಿ, ಬರಹ ಆಮೇಲೆ ಓದಿ.

ಆ ಕಾಲದ ಲೇಖಕ ಹೊರೇಸ್ ವಾಲ್‌ಪೋಲ್‌ನನ್ನು ಸ್ವಲ್ಪ ಹುಷಾರಾಗಿ ಓದಿ. 1780ರಲ್ಲಿ ಹೊರಬಂದ ಅವನ ಪ್ರಬಂಧದಿಂದಲೇ ಈ ಕತೆ ಎಲ್ಲ ಪುಸ್ತಕಗಳಿಗೂ ಹೋಗಿದೆ. ಕೆಂಟ್ ಬೇಲಿ ಹಾರಿದ, ಪ್ರಕೃತಿಯೆಲ್ಲ ಗಾರ್ಡನ್ ಎಂದು ಕಂಡ ಅಂತ ಬರೆದವನು ಇವನೇ. ಬರವಣಿಗೆ ಸೊಗಸು. ಆದರೆ ಆಸಾಮಿ ರಾಜನ ಅಧಿಕಾರಕ್ಕೆ ಕಡಿವಾಣ ಬೇಕೆನ್ನುವ ವಿಗ್ ಪಕ್ಷದ ಕಟ್ಟಾಳು. ನೇರ ಸಾಲು ಫ್ರೆಂಚರ ದಬ್ಬಾಳಿಕೆ, ಅಂಕುಡೊಂಕು ಇಂಗ್ಲಿಷರ ಸ್ವಾತಂತ್ರ್ಯ ಎಂಬ ಗುಂಗಿನಲ್ಲಿ ಬರೆದಿದ್ದಾನೆ. ಸ್ಟೋದ ಮಾಲೀಕ ಲಾರ್ಡ್ ಕಾಬಮ್‌ಗೆ ಇವನ ಅಪ್ಪ, ಪ್ರಧಾನಿ ರಾಬರ್ಟ್ ವಾಲ್‌ಪೋಲ್ ಜೊತೆ 1733ರಲ್ಲಿ ಕಿತ್ತುಹೋಯಿತು. ಆಮೇಲೆ ಸ್ಟೋದಲ್ಲಿ ಎದ್ದ ಮಂಟಪಗಳಲ್ಲಿ ಅರ್ಧ ರಾಜಕೀಯದ ಚುಚ್ಚುಮಾತು. ಬ್ರಿಟನ್ನಿನ ಮಹನೀಯರು ಎಂದು ಹದಿನಾರು ಜನರ ಮೂರ್ತಿ ಸಾಲಾಗಿ ಇಟ್ಟಿದ್ದಾರೆ. ನ್ಯೂಟನ್, ಷೇಕ್ಸ್‌ಪಿಯರ್ ಎಲ್ಲ ಇದ್ದಾರೆ. ಹೆಂಗಸು ಅಂತ ಒಂದನೇ ಎಲಿಜಬೆತ್ ಒಬ್ಬಳೇ.

ಇನ್ನು ಆ ನೀರಿನ ಕೆಳಗೆ, ಹುಲ್ಲಿನ ಕೆಳಗೆ ಯಾರಿದ್ದರು ಎನ್ನುವುದನ್ನೂ ಬಿಡಬೇಡಿ. ಸ್ಟೋದಲ್ಲಿ ಒಂದು ಊರು ಇತ್ತು. ಈಗ ಊರಿಲ್ಲ. ಊರಿನ ಚರ್ಚು ಮಾತ್ರ ಗಾರ್ಡನ್ ನಡುವೆ ಮರಗಳ ಮರೆಯಲ್ಲಿ ಉಳಿದಿದೆ. ಬ್ರೌನ್ ಮದುವೆಯಾದದ್ದು ಅದೇ ಚರ್ಚಿನಲ್ಲಿ, 1744ರಲ್ಲಿ. ಡಾರ್ಸೆಟ್‌ನ ಮಿಲ್ಟನ್ ಆಬಸ್ ಇನ್ನೂ ಕೆಟ್ಟದ್ದು. ಲಾರ್ಡ್ ಮಿಲ್ಟನ್ ತನ್ನ ಮನೆಯ ಮುಂದಿದ್ದ ಇಡೀ ಪೇಟೆಯನ್ನೇ ಕೆಡವಿ ಜನರನ್ನು ಕಣಿವೆಯ ಆಚೆಗೆ ಸಾಗಿಸಿದ. ಮನೆ ಬಿಡದ ಒಬ್ಬ ವಕೀಲನ ಮೇಲೆ ತೂಬು ಎತ್ತಿಸಿ ನೀರು ನುಗ್ಗಿಸಿದ ಎಂಬ ಕತೆ ಈಗಲೂ ಹೇಳುತ್ತಾರೆ. ವಕೀಲ ಕೋರ್ಟಿಗೆ ಹೋಗಿ ಗೆದ್ದನಂತೆ.


ಸೂಜಿಮಲ್ಲಿಗೆ:

ತೂಬುಗಾರ ಸರ್, ಇಷ್ಟುದ್ದ ಬರೆದಿರಿ, ಒಂದೇ ಒಂದು ಹೂವು ಬರಲಿಲ್ಲ! ಬ್ರೌನ್ ಪಾರ್ಕುಗಳ ಸಮಸ್ಯೆಯೂ ಅದೇ. ಮನೆ ಬಾಗಿಲ ತನಕ ಹುಲ್ಲು. ತರಕಾರಿ, ಹಣ್ಣು ಎಲ್ಲ ದೂರದಲ್ಲಿ ಗೋಡೆಯ ಹಿಂದೆ.

ಓದುಬಾಕಿ, ನಿಮಗೆ ಮನುಷ್ಯರ ಗಾತ್ರದ ಗಾರ್ಡನ್ ಬೇಕಿದ್ದರೆ ಹಿಂದಿನಿಂದ ಶುರು ಮಾಡಿ. ಗರ್ಟ್ರೂಡ್ ಜೀಕಿಲ್ (1843–1932) ಮೊದಲು ಓದಿ. ಚಿತ್ರಕಲೆ, ಕಸೂತಿ ಕಲಿತವಳು, ಕಣ್ಣು ಮಂದವಾಗುತ್ತಾ ಬಂದಾಗ ಗಾರ್ಡನ್ ಕಡೆ ತಿರುಗಿದಳು. ಉದ್ದನೆಯ ಹೂವಿನ ಪಾತಿಯಲ್ಲಿ ತಣ್ಣನೆಯ ಬಣ್ಣದಿಂದ ಶುರುವಾಗಿ ನಡುವೆ ಕೆಂಪು, ಕಿತ್ತಳೆಗೆ ಏರಿ ಮತ್ತೆ ತಣ್ಣಗಾಗುವ ಹಾಗೆ ನೆಡುತ್ತಿದ್ದಳು. ಇವಳ ಜೊತೆ ಕೆಲಸ ಮಾಡಿದ್ದು ಎಡ್ವಿನ್ ಲಟ್ಯೆನ್ಸ್, ಮುಂದೆ ಹೊಸ ದಿಲ್ಲಿ ಕಟ್ಟಿದ ಅದೇ ವ್ಯಕ್ತಿ. ಅಲ್ಲಿಂದ ಒಂದು ಹೆಜ್ಜೆ ಹಿಂದೆ ಹೋದರೆ ವಿಲಿಯಂ ರಾಬಿನ್ಸನ್ ಎಂಬ ತೋಟಗಾರ, ಲೇಖಕ. ವಿಕ್ಟೋರಿಯನ್ನರು ಹಸಿರುಮನೆಯಲ್ಲಿ ಬೆಳೆಸಿದ ಹೂಗಿಡಗಳನ್ನು ತಂದು ಕಾರ್ಪೆಟ್ ಥರ ಜೋಡಿಸಿ, ಸೀಸನ್ ಮುಗಿದ ಮೇಲೆ ಕಿತ್ತು ಎಸೆಯುತ್ತಿದ್ದರು. ಅದನ್ನು ಕಂಡರೆ ರಾಬಿನ್ಸನ್‌ಗೆ ಮೈಯೆಲ್ಲ ಉರಿ. ಚಳಿ ತಡೆಯುವ ಗಟ್ಟಿ ಗಿಡಗಳನ್ನು ನೆಟ್ಟು ಅವುಗಳ ಪಾಡಿಗೆ ಬಿಡಿ ಎಂದು 1870ರಲ್ಲೇ ಬರೆದ. 1892ರಲ್ಲಿ ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ನೇರ ಸಾಲಿನ ಪರ ಪುಸ್ತಕ ಬರೆದಾಗ ಇಬ್ಬರೂ ಕಿತ್ತಾಡಿದ್ದನ್ನು ಓದಬೇಕು, ಸಕತ್ತಾಗಿದೆ.

ಇನ್ನೊಂದು, ಹುಲ್ಲು. ಆ ಹುಲ್ಲುಹಾಸನ್ನು ಕುರಿ ಮೇಯುತ್ತಿತ್ತು, ಇಲ್ಲವೇ ಆಳುಗಳು ಉದ್ದ ಕುಡುಗೋಲಿನಲ್ಲಿ ಕೊಯ್ಯಬೇಕಿತ್ತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ನಾರು ಕತ್ತರಿಸುವ ಯಂತ್ರ ನೋಡಿ ಹೊಳೆದದ್ದು. ಸಣ್ಣ ಮನೆಯವರಿಗೂ ಲಾನ್ ಬಂದದ್ದು ಇದರಿಂದ. ನನ್ನ ಪ್ರಕಾರ ಬ್ರೌನ್‌ಗಿಂತ ಬಡ್ಡಿಂಗ್ ಜಾಸ್ತಿ ಜನರ ಅಂಗಳ ಬದಲಾಯಿಸಿದ.


ಓದುಬಾಕಿ:

ಎಲ್ಲರಿಗೂ ಥ್ಯಾಂಕ್ಸ್. ನೀರಿನ ದಾರಿಯೇ ಹಿಡಿಯುತ್ತೇನೆ ಅನ್ನಿಸುತ್ತಿದೆ. ಒಂದು ಡೌಟು. ಆ ಕುರಿ, ದನ ಮನೆ ಬಾಗಿಲಿಗೇ ಬರುತ್ತಿರಲಿಲ್ವಾ? ಚಿತ್ರಗಳಲ್ಲಿ ಬೇಲಿಯೇ ಕಾಣುವುದಿಲ್ಲ. ಮತ್ತೆ ಬ್ರೌನ್ ಆದ ಮೇಲೆ ನೀರಿನ ಕತೆ ಮುಗಿಯಿತಾ?


ತೂಬುಗಾರ:

ಬೇಲಿ ನೆಲದೊಳಗೆ ಇದೆ ಮೇಡಂ. ಹಾ-ಹಾ ಅಂತ ಅದಕ್ಕೆ ಹೆಸರು. ಒಂದು ಕಂದಕ. ಮನೆ ಕಡೆಯ ಬದಿಗೆ ನೆಟ್ಟಗೆ ಗೋಡೆ ಕಟ್ಟುತ್ತಾರೆ. ಹೊಲದ ಕಡೆಯ ಬದಿ ಇಳಿಜಾರು, ಅದರ ಮೇಲೂ ಹುಲ್ಲು. ಕುರಿ ಇಳಿಜಾರಲ್ಲಿ ಇಳಿದು ಬಂದರೂ ಗೋಡೆ ಹತ್ತಲಾರದು. ಮನೆಯ ಕಿಟಕಿಯಿಂದ ನೋಡಿದರೆ ಗೋಡೆಯ ಮೇಲಂಚು ನೆಲದ ಮಟ್ಟಕ್ಕೇ ಇರುತ್ತದೆ, ಹುಲ್ಲು ಒಂದೇ ಸಮ ಹೊಲದ ತನಕ ಹೋದ ಹಾಗೆ ಕಾಣುತ್ತದೆ. ಸ್ಟೋದಲ್ಲಿ ಬ್ರಿಜ್‌ಮನ್ ಇದನ್ನು ದೊಡ್ಡದಾಗಿ ಬಳಸಿದ. 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನಲ್ಲೂ ಹಾ-ಹಾ ಬರುತ್ತದೆ. ಸದರ್ಟನ್‌ಗೆ ಎಲ್ಲರೂ ಹೋಗುವ ಭಾಗ ಮತ್ತೆ ತೆಗೆದು ನೋಡಿ. ಬೀಗದ ಕೈ ತರಲು ಹೋದವನು ಬರುವ ಮೊದಲೇ ಮರಾಯಾ ಗೇಟಿನ ಪಕ್ಕದಿಂದ ದಾಟಿ ಹೋಗುತ್ತಾಳಲ್ಲ, ಅಲ್ಲಿ.

ನೀರಿನ ಕತೆ ಮುಗಿಯಲಿಲ್ಲ. 1844ರಲ್ಲಿ ಚಾಟ್ಸ್‌ವರ್ತ್‌ನಲ್ಲಿ ಅಲ್ಲಿನ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಒಂದು ಕಾರಂಜಿ ಮಾಡಿದ. ರಷ್ಯಾದ ತ್ಸಾರ್ ನಿಕೊಲಸ್ ಬರುತ್ತಾನೆ ಎಂದು ಗುಡ್ಡದ ಮೇಲೆ ಎಂಟು ಎಕರೆಯ ಕೆರೆ ತೋಡಿಸಿ ಪೈಪ್ ಎಳೆಸಿದ. ಪಂಪು ಇಲ್ಲ, ಬರೀ ಎತ್ತರದ ಒತ್ತಡ. ನೀರು 90 ಮೀಟರ್ ತನಕ ಚಿಮ್ಮಿದ ದಾಖಲೆ ಇದೆ. ತ್ಸಾರ್ ಬರಲೇ ಇಲ್ಲ. ಸೂಜಿಮಲ್ಲಿಗೆ ಅವರ ಜೀಕಿಲ್ ಮತ್ತು ಲಟ್ಯೆನ್ಸ್ ಸಾಮರ್ಸೆಟ್‌ನ ಹೆಸ್ಟರ್‌ಕೂಮ್‌ನಲ್ಲಿ 1904ರಿಂದ ಮಾಡಿದ ಗಾರ್ಡನ್‌ನಲ್ಲೂ ಕಲ್ಲಿನ ನಡುವೆ ಸಣ್ಣ ಕಾಲುವೆ ಇದೆ. ಮತ್ತೆ ನೇರ. ಅದರ ಪಕ್ಕದಲ್ಲಿ ಹೂವೂ ಇದೆ, ಆದ್ದರಿಂದ ನಮ್ಮಿಬ್ಬರ ಜಗಳ ಅಲ್ಲಿಗೆ ಬಿಡೋಣ.