ಕೆರೆಗೆ ಹೋಗುವ ಕಾಲುದಾರಿಗೆ ಬೇಲಿ: ಪಾಲಿಕೆಯು ಜಾಗವನ್ನು ಸ್ವಾಧೀನಪಡಿಸಿಕೊಳ್ಳಬಹುದೇ?

ಕೆರೆದಂಡೆ: ಯಲಹಂಕದ ಆಚೆ, ನಮ್ಮ ಬಡಾವಣೆಯಿಂದ ಕೆರೆ ಏರಿಗೆ ಹೋಗುವ ಕಾಲುದಾರಿಯು ಖಾಸಗಿ ಜಮೀನಿನ ಅಂಚಿನಲ್ಲಿ ಹಾದುಹೋಗುತ್ತದೆ. ದನ ಹೊಡೆದುಕೊಂಡು ಹೋಗುವವರೂ ಮುಂಜಾನೆ ನಡೆಯಲು ಹೊರಡುವ ಹಿರಿಯರೂ ಬಹಳ ಕಾಲದಿಂದ ಅದನ್ನೇ ಬಳಸುತ್ತಿದ್ದರು. ಜಮೀನು ಕೈಬದಲಾದ ಮೇಲೆ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿದಿದ್ದಾರೆ. ಹುಣಸೆಮರದ ಬುಡದಲ್ಲಿ ಸವೆದ ದಾರಿ ತಂತಿಯ ಆಚೆಗೂ ಹಾಗೆಯೇ ಕಾಣುತ್ತದೆ. ಪಾಲಿಕೆಯು ಆ ಪಟ್ಟಿಯನ್ನು ವಶಕ್ಕೆ ಪಡೆದು ದಾರಿ ಬಿಡಿಸಬಹುದೇ?

ಹದ್ದುಬಸ್ತು: ಸ್ವಾಧೀನದ ಮಾತಿಗೆ ಮುಂಚೆ ಗ್ರಾಮ ನಕ್ಷೆಯನ್ನು ತರಿಸಿ ನೋಡಿ. ಕಾಲುದಾರಿಯನ್ನು ಅದರಲ್ಲಿ ಚುಕ್ಕೆಗೆರೆಯಿಂದ ತೋರಿಸಿರುತ್ತಾರೆ. ಆಕಾರ್‌ಬಂದ್‌ನಲ್ಲಿ, ಅಂದರೆ ಜಮೀನುಗಳ ವಿಸ್ತೀರ್ಣ ಮತ್ತು ಕಂದಾಯ ಬರೆದಿಡುವ ಸರ್ವೆ ದಾಖಲೆಯಲ್ಲಿ, ಅದೇ ಸರ್ವೆ ನಂಬರಿಗೆ ‘ಬಿ’ ಖರಾಬು (ಸಾರ್ವಜನಿಕ ಬಳಕೆಗೆಂದು ಸಾಗುವಳಿಯಿಂದ ಹೊರಗಿಟ್ಟ ಜಾಗ) ದಾಖಲಾಗಿ, ಅದು ದಾರಿಗೆಂದೇ ಬಿಟ್ಟದ್ದಾಗಿದ್ದರೆ, ಆ ಭಾಗ ಮಾಲೀಕರದ್ದಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 67ನೇ ಪ್ರಕರಣದಂತೆ ಸಾರ್ವಜನಿಕ ದಾರಿಗಳು ಸರ್ಕಾರದ ಸ್ವತ್ತು. ಸರ್ಕಾರದ್ದೇ ಆದ ಜಾಗಕ್ಕೆ ಪರಿಹಾರ ಕೊಟ್ಟು ಸ್ವಾಧೀನ ಮಾಡಿಕೊಳ್ಳುವ ಅಗತ್ಯವೇ ಇಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಒತ್ತುವರಿ ತೆರವು ಕೇಳಿ.

ಕೆರೆದಂಡೆ: ನಕ್ಷೆಯಲ್ಲಿ ಇಲ್ಲದಿದ್ದರೆ?

ನ್ಯಾಯವಾದಿ: ಆಗ ವಿಷಯ ಕಠಿಣವಾಗುತ್ತದೆ. 1882ರ ಅನುಭೋಗ ಹಕ್ಕುಗಳ ಕಾಯಿದೆಯ 15ನೇ ಪ್ರಕರಣದಂತೆ 20 ವರ್ಷ ಬಹಿರಂಗವಾಗಿ, ಶಾಂತವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದೇ ಬಳಸಿದ ದಾರಿಗೆ ಹಕ್ಕು ಸಾಧಿಸಬಹುದು. ಆದರೆ ಅದು ಒಂದು ಜಮೀನಿನ ಅನುಕೂಲಕ್ಕಾಗಿ ಇನ್ನೊಂದರ ಮೇಲೆ ಸಿಗುವ ಹಕ್ಕಾದ್ದರಿಂದ, ಊರಿನವರೆಲ್ಲರ ಪರವಾಗಿ ಕೇಳುವವರು ರೂಢಿಯನ್ನೋ ಹಿಂದಿನ ಮಾಲೀಕರು ದಾರಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದನ್ನೋ ಸಾಬೀತುಪಡಿಸಬೇಕಾಗುತ್ತದೆ. ಅಕ್ಕಪಕ್ಕದ ಜಮೀನುದಾರರು 15ನೇ ಪ್ರಕರಣವನ್ನು ನೆಚ್ಚುವುದಾದರೆ ತಡಮಾಡಬಾರದು: ಆ 20 ವರ್ಷಗಳ ಅವಧಿಯು ದಾವೆ ಹೂಡುವ ದಿನಕ್ಕೆ ಹಿಂದಿನ ಎರಡು ವರ್ಷಗಳೊಳಗೆ ಕೊನೆಗೊಂಡಿರಬೇಕು.

ಇನ್ನು ಪಾಲಿಕೆಯ ಅಧಿಕಾರ. ಸಂವಿಧಾನದ 300ಎ ವಿಧಿಯಂತೆ ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಕೋಲ್ಕತ್ತ ಪಾಲಿಕೆಯು ಉದ್ಯಾನಕ್ಕೆಂದು ಖಾಸಗಿ ಜಾಗ ಪಡೆದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಮೇ ತಿಂಗಳಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು: ನೋಟಿಸು, ಆಕ್ಷೇಪಣೆ ಕೇಳುವುದು, ಕಾರಣಸಹಿತ ತೀರ್ಮಾನ, ಸಾರ್ವಜನಿಕ ಉದ್ದೇಶ, ನ್ಯಾಯಯುತ ಪರಿಹಾರ ಇವೆಲ್ಲವೂ ಬೇಕು, ಪರಿಹಾರ ಕೊಟ್ಟ ಮಾತ್ರಕ್ಕೆ ಸ್ವಾಧೀನ ಸಿಂಧುವಾಗದು. ಸಾರ್ವಜನಿಕ ದಾರಿಯ ಬಗ್ಗೆ ನನಗೂ ಕಳಕಳಿಯಿದೆ, ಆದರೆ ಈ ರಕ್ಷಣೆ ನಾಳೆ ನಿಮ್ಮ ಮನೆಯ ನಿವೇಶನಕ್ಕೂ ಬೇಕಾಗುತ್ತದೆ.

ಹದ್ದುಬಸ್ತು: ಮಾಲೀಕರ ಜೊತೆ ಕೂತು ಮಾತಾಡುವ ದಾರಿಯನ್ನೂ ಮುಚ್ಚಿಕೊಳ್ಳಬೇಡಿ. ಅಂಚಿನಲ್ಲಿ ನಾಲ್ಕು ಅಡಿ ಬಿಟ್ಟುಕೊಡಲು ಅವರು ಒಪ್ಪಿದರೆ, ಅದನ್ನು ಬರವಣಿಗೆಯಲ್ಲಿ ಪಡೆದು ನೋಂದಣಿ ಮಾಡಿಸಿ. ಬಾಯಿಮಾತಿನ ಒಪ್ಪಿಗೆಯನ್ನು ಮುಂದಿನ ಖರೀದಿದಾರರು ಮಾನ್ಯ ಮಾಡುವುದಿಲ್ಲ.