ಜೆನೆಟಿಕ್ಸ್ ಸೇವೆ: ಒಂದೇ ಕೇಂದ್ರ ಲ್ಯಾಬ್ ಸಾಕಾ, ಪ್ರಾದೇಶಿಕ ಕೇಂದ್ರಗಳು ಬೇಕಾ? ಅನುಭವ ಇದ್ದವರು ಹೇಳಿ

ಕರಡು ಬರೆಯುವವ:
ರಾಷ್ಟ್ರೀಯ ವೈದ್ಯಕೀಯ ಜೆನೆಟಿಕ್ಸ್ ಸೇವೆಯನ್ನ ಸರಿಪಡಿಸೋ ಸಮಿತೀಲಿ ನಾನಿದ್ದೀನಿ. ಆಡಳಿತದ ಕಡೆಯವನು, ಡಾಕ್ಟರಲ್ಲ. ಸ್ಯಾಂಪಲ್‌ಗಳನ್ನೆಲ್ಲ ಒಂದೇ ಲ್ಯಾಬಿಗೆ ತರೋದಾ, ಪ್ರಾದೇಶಿಕ ಕೇಂದ್ರಗಳನ್ನ ಉಳಿಸೋದಾ? ಯಾವ ರೋಗಿಗೆ ಯಾವ ಟೆಸ್ಟ್ ಅನ್ನೋ ಪಟ್ಟಿ ಯಾರ ಕೈಲಿರಬೇಕು? ಮೂರು ತಿಂಗಳಲ್ಲಿ ಕರಡು ಕೊಡಬೇಕು.

ಲ್ಯಾಬ್ ಮುಖ್ಯಸ್ಥೆ:
ಒಂದೇ ಕಡೆಗೆ ತನ್ನಿ. ನಾನು ಆರು ಲ್ಯಾಬ್‌ಗಳನ್ನ ಒಂದು ಮಾಡಿದೋಳು, ಬೈಸಿಕೊಂಡೋಳೂ ನಾನೇ. ಮೊದಲ ವರ್ಷ ನರಕ. ಕ್ಯಾರಿಯೋಟೈಪ್‌ಗೆ, ಅಂದರೆ ಕ್ರೋಮೋಸೋಮ್ ನೋಡೋ ಟೆಸ್ಟಿಗೆ, ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಕು, ಜೀವಂತ ಕೋಶ ಬೆಳೆಸಬೇಕಲ್ಲ. ಬರ್ತಿದ್ದದ್ದು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್. ಡಿಎನ್‌ಎ ತೆಗೆಯೋಕೆ ಅದೇ ಸರಿ, ಕೋಶ ಬೆಳೆಸೋ ಕಲ್ಚರ್‌ಗೆ ಆಗಲ್ಲ. ಮೂರು ತಿಂಗಳಲ್ಲಿ 41 ಸ್ಯಾಂಪಲ್ ವಾಪಸ್ ಕಳಿಸಿದ್ವಿ, ಒಂದೊಂದನ್ನೂ ನಾನೇ ರಿಜಿಸ್ಟರಲ್ಲಿ ಕೆಂಪು ಶಾಯೀಲಿ ಬರೆದಿದೀನಿ.

ಒಂದ್ಸಲ ಶುಕ್ರವಾರ ಸಂಜೆ ಹೊರಟ ಚೀಲ ಸೋಮವಾರ ಮಧ್ಯಾಹ್ನ ಬಂತು. ಅದರಲ್ಲಿ ಹದಿನೆಂಟು ವಾರದ ಗರ್ಭಿಣಿಯ ಆಮ್ನಿಯಾಟಿಕ್ ದ್ರವ, ಹೊಟ್ಟೇಲಿ ಮಗುವಿನ ಸುತ್ತ ಇರೋ ನೀರು. ದಿನಾ ಫ್ಲಾಸ್ಕ್ ತೆಗೆದು ಮೈಕ್ರೋಸ್ಕೋಪಲ್ಲಿ ನೋಡ್ತಿದ್ವಿ, ತಳಕ್ಕೆ ಒಂದು ಕೋಶಾನೂ ಅಂಟಲಿಲ್ಲ. ಹನ್ನೆರಡನೇ ದಿನ ಆಕೆಗೆ ಇನ್ನೊಮ್ಮೆ ಸೂಜಿ ಹಾಕಬೇಕು ಅಂತ ತಿಳಿಸಿದ್ವಿ. ಅವತ್ತೇ ತೀರ್ಮಾನ ಮಾಡ್ದೆ: ನಮ್ಮದೇ ವಾಹನ, ರೋಗಿಯ ಮುಂದೇನೇ ಬಾರ್‌ಕೋಡ್, ಶನಿವಾರ ಭಾನುವಾರವೂ ಒಬ್ಬರ ಡ್ಯೂಟಿ. ಈಗ ಎಕ್ಸೋಮ್ (ಜೀನ್‌ಗಳ ಪ್ರೋಟೀನ್ ಮಾಡೋ ಭಾಗಗಳನ್ನೆಲ್ಲ ಓದೋ ಟೆಸ್ಟ್) ರಿಪೋರ್ಟಿಗೆ ಕಾಯೋದು ಏಳು ತಿಂಗಳಿಂದ ಒಂಬತ್ತು ವಾರಕ್ಕಿಳಿದಿದೆ. ಬೇರೆ ದಾರೀಲಿ ಇದು ಆಗ್ತಿರಲಿಲ್ಲ.

ಪ್ರಾದೇಶಿಕ ಡಾಕ್ಟರ್:
ಆರು ಒಂದಾಯ್ತು ಅಂತೀರಿ, ಐದು ಮುಚ್ಚಿತು ಅಂತ ಹೇಳಲ್ಲ. ನಮ್ಮದೂ ಹಾಗೇ ಮುಚ್ಚಿದ್ದು. ಮಹಡಿ ಇಳಿದು ಹೋದರೆ ಸ್ಲೈಡ್ ತೋರಿಸಿ ಮಾತಾಡೋ ಇಬ್ಬರು ವಿಜ್ಞಾನಿಗಳಿದ್ರು. ತರಬೇತಿಗೇ ಐದು ವರ್ಷ ಹಿಡಿದಿತ್ತು. ಇಬ್ಬರೂ ಊರು ಬಿಟ್ಟು ಹೋಗಕ್ಕಾಗದೆ ಕೆಲಸಾನೇ ಬಿಟ್ರು. ಈಗ ನನಗೆ ಬರೋದು ನಾಲ್ಕು ಸಾಲಿನ ಪಿಡಿಎಫ್. ಮಗುವಿನ ಮುಖ ಹೇಗಿದೆ, ತಲೆಯ ಸುತ್ತಳತೆ ಎಷ್ಟು ಅಂತ ಕೇಳೋಕೆ ಆ ಕಡೆಯಿಂದ ಒಂದು ಫೋನ್ ಬರಲ್ಲ.

ಇಂಗ್ಲೆಂಡ್ 2018ರಲ್ಲಿ ಜೀನೋಮಿಕ್ ಸೇವೆ ಶುರು ಮಾಡಿದಾಗ ಕೂಡ ಒಂದೇ ಲ್ಯಾಬ್ ಮಾಡಲಿಲ್ಲ. ಏಳು ಲ್ಯಾಬ್ ಹಬ್, ಎಲ್ಲಕ್ಕೂ ಸೇರಿ ಒಂದೇ ಟೆಸ್ಟ್ ಡೈರೆಕ್ಟರಿ. ಪಟ್ಟಿ ಒಂದಿರಲಿ, ಲ್ಯಾಬ್ ಬೆಂಚ್ ಹತ್ತಿರ ಇರಲಿ. ಇದನ್ನ ನಮ್ಮ ಸಭೇಲಿ ಮೂರು ಸಲ ಹೇಳ್ದೆ, ಮೂರು ಸಲಾನೂ ಮಿನಿಟ್ಸಲ್ಲಿ ಬರಲಿಲ್ಲ.

ಲ್ಯಾಬ್ ಮುಖ್ಯಸ್ಥೆ:
ಹತ್ತಿರ ಇದ್ದ ಬೆಂಚಲ್ಲಿ ವರ್ಷಕ್ಕೆ ಇಪ್ಪತ್ತು ಕೇಸು ನೋಡಿದರೆ ಕೈ ಹೇಗೆ ಪಳಗುತ್ತೆ ಸರ್? ಹೊರಗಿನ ಗುಣಮಟ್ಟ ಪರೀಕ್ಷೇಲಿ ನಿಮ್ಮಂಥ ಲ್ಯಾಬ್‌ಗಳು ಎಷ್ಟು ಸಲ ತಪ್ಪಿದವು ಅನ್ನೋ ಕಡತ ನನ್ನ ಹತ್ರ ಇದೆ.

ಪ್ರಾದೇಶಿಕ ಡಾಕ್ಟರ್:
"ನಿಮ್ಮಂಥ" ಅನ್ನೋ ಪದ ವಾಪಸ್ ತಗೊಳ್ಳಿ ಮೇಡಂ. ನಮ್ಮ ಲ್ಯಾಬ್ ಒಂದು ಸಲಾನೂ ಫೇಲ್ ಆಗಿಲ್ಲ.

ಜೆನೆಟಿಕ್ ಕೌನ್ಸೆಲರ್:
ನೀವಿಬ್ಬರೂ ಕಟ್ಟಡಕ್ಕೆ ಜಗಳ ಆಡ್ತಿದೀರಿ. ನನ್ನ ಕೇಸು ಕೇಳಿ.

ಅಕ್ಕ ತಂಗಿ, ಮದುವೆಯಾಗಿ ಬೇರೆ ಬೇರೆ ಊರಲ್ಲಿದ್ದವರು. ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸೋ ಬಿಆರ್‌ಸಿಎ1 ಜೀನಲ್ಲಿ ಇಬ್ಬರಿಗೂ ಒಂದೇ ವೇರಿಯಂಟ್, ಅಂದರೆ ಒಂದೇ ಬದಲಾವಣೆ. ಅಕ್ಕನ ರಿಪೋರ್ಟ್ ಒಂದು ಲ್ಯಾಬಿನದು: ದರ್ಜೆ 4, ರೋಗಕಾರಕ ಇರಬಹುದು. ತಂಗಿಯದು ಇನ್ನೊಂದು ಲ್ಯಾಬಿನದು: ದರ್ಜೆ 3, ಅರ್ಥ ಅನಿಶ್ಚಿತ. ಎರಡೂ ಲ್ಯಾಬ್ ಬಳಸಿದ್ದು 2015ರ ಅದೇ ಎಸಿಎಂಜಿ (ಅಮೆರಿಕದ ವೈದ್ಯಕೀಯ ಜೆನೆಟಿಕ್ಸ್ ಸಂಸ್ಥೆ) ಮಾರ್ಗಸೂಚಿ, ಅದೇ ಐದು ದರ್ಜೆ. ಅಕ್ಕ 38ನೇ ವಯಸ್ಸಿಗೆ ಎರಡೂ ಅಂಡಾಶಯ ತೆಗೆಸಿಕೊಂಡರು. ಇನ್ನೊಂದು ಮಗು ಬೇಕು ಅಂತಿದ್ದವರು. ಮೂರು ವರ್ಷದ ಮೇಲೆ ಆ ವೇರಿಯಂಟ್ ದರ್ಜೆ 2ಕ್ಕೆ ಇಳೀತು. ಅಂದರೆ ಬಹುಶಃ ನಿರುಪದ್ರವಿ.

ಇಳಿದದ್ದನ್ನ ಯಾರೂ ಅವರಿಗೆ ಹೇಳಲಿಲ್ಲ. ಲ್ಯಾಬಿನವರು ಡಾಕ್ಟರ್ ಹೇಳ್ತಾರೆ ಅಂದ್ಕೊಂಡ್ರು, ಆ ಡಾಕ್ಟರಿಗೆ ವರ್ಗ ಆಗಿತ್ತು. ನಾನು ಬೇರೆ ಕುಟುಂಬಕ್ಕಾಗಿ ಕ್ಲಿನ್‌ವಾರ್ (ವೇರಿಯಂಟ್‌ಗಳ ದರ್ಜೆ ಇರೋ ಸಾರ್ವಜನಿಕ ದತ್ತಾಂಶ ಕೋಶ) ನೋಡ್ತಿದ್ದಾಗ ಕಣ್ಣಿಗೆ ಬಿತ್ತು. ಹಳೇ ಫೈಲ್ ಹುಡುಕಿದೆ, ಫೋನ್ ನಂಬರ್ ಬದಲಾಗಿತ್ತು, ವಿಳಾಸಕ್ಕೆ ಪತ್ರ ಬರೆದೆ. ಅಕ್ಕ ಬಂದು ನನ್ನೆದುರು ಕೂತು ಕೇಳಿದ್ದು ಒಂದೇ: "ಹಾಗಾದರೆ ಬೇಕಿರಲಿಲ್ವಾ?"

ಸಮಿತೀಲಿ ಕೂತಿರೋ ಸರ್, ನಿಮ್ಮ ಕರಡಲ್ಲಿ ಇದನ್ನ ಬರೀರಿ. ರಿಪೋರ್ಟ್ ಕೈಗೆ ಕೊಟ್ಟ ಮೇಲೆ ಅದಕ್ಕೆ ಒಡೆಯರು ಯಾರು? ಎಲ್ಲ ಲ್ಯಾಬ್‌ಗಳೂ ವೇರಿಯಂಟ್ ಹಾಕಲೇಬೇಕಾದ ಒಂದೇ ದತ್ತಾಂಶ ಕೋಶ, ದರ್ಜೆ ಬದಲಾದರೆ ಇಷ್ಟು ದಿನದೊಳಗೆ ಇಂಥವರು ತಿಳಿಸಬೇಕು ಅನ್ನೋ ನಿಯಮ, ಎರಡೂ ಬೇಕು.

ಒಬ್ಬ ತಂದೆ:
ನಾನು ಎರಡು ವರ್ಷ ಇಂಥದೇ ಮಂಡಳೀಲಿ "ರೋಗಿ ಪ್ರತಿನಿಧಿ". ಎಸ್‌ಎಂಎ, ಅಂದರೆ ನರಕೋಶ ಸತ್ತು ಸ್ನಾಯು ಸೊರಗಿಸೋ ವಂಶವಾಹಿ ಕಾಯಿಲೆ, ನವಜಾತ ತಪಾಸಣೆಗೆ ಸೇರಿಸಿ ಅಂತ ಕೇಳ್ತಾನೇ ಇದ್ದೆ. ಪ್ರತಿ ಸಲ ಯಾವ ಕಾಯಿಲೆಗೆ ತಪಾಸಣೆ ಮಾಡಬೇಕು ಅನ್ನೋ 1968ರ ವಿಲ್ಸನ್-ಜುಂಗ್ನರ್ ಹತ್ತು ಮಾನದಂಡ ಓದಿ ಹೇಳೋರು. ಒಪ್ಪುವ ಚಿಕಿತ್ಸೆ ಇರಬೇಕು ಅನ್ನೋದು ಅದರಲ್ಲಿದೆ, ಎಸ್‌ಎಂಎ ಔಷಧಿ ನುಸಿನರ್ಸೆನ್‌ಗೆ 2016ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತಲ್ಲ. ಲಕ್ಷಣ ಕಾಣೋ ಮೊದಲು ಕೊಟ್ಟರೆ ಹೆಚ್ಚಿನ ಮಕ್ಕಳು ಕೂರ್ತಾರೆ, ನಡೀತಾರೆ. ಆಮೇಲೆ ಕೊಟ್ಟರೆ ಸತ್ತ ನರಕೋಶ ವಾಪಸ್ ಬರಲ್ಲ. ನನ್ನ ಮಗಳಿಗೆ ಗೊತ್ತಾದದ್ದು ಏಳನೇ ತಿಂಗಳಲ್ಲಿ, ಅಷ್ಟೊತ್ತಿಗೆ ಕತ್ತು ನಿಲ್ಲೋದು ಹೋಗಿತ್ತು. ಹಿಮ್ಮಡಿ ರಕ್ತದ ಕಾರ್ಡ್ ಹುಟ್ಟಿದ ಮೂರನೇ ದಿನಾನೇ ತೆಗೆದಿದ್ರು. ಅದೇ ರಕ್ತದ ಚುಕ್ಕೇಲಿ ಎಸ್‌ಎಂಎನ್1, ಈ ಕಾಯಿಲೆಯ ಜೀನ್, ನೋಡಬಹುದಿತ್ತು. ಪಟ್ಟಿ ಯಾರ ಕೈಲಿ ಅಂತ ಕೇಳಿದೀರಿ. ಯಾರ ಕೈಲಾದ್ರೂ ಇರಲಿ, ವರ್ಷಕ್ಕೊಮ್ಮೆ ತೆರೀಲಿ, ಬೇಡ ಅಂದರೆ ಕಾರಣ ಬರೆದು ಹೊರಗೆ ಹಾಕಲಿ.

ಪ್ರಾದೇಶಿಕ ಡಾಕ್ಟರ್:
ಕೌನ್ಸೆಲರ್ ಮೇಡಂ, ತಂಗಿಗೂ ಹೇಳಿದ್ರಾ? ಅಕ್ಕನ ಒಪ್ಪಿಗೆ ಇಲ್ಲದೆ ಹಾಗೆ ಹೇಳೋದು ಗೌಪ್ಯತೆ ಮುರಿದ ಹಾಗೆ.

ಜೆನೆಟಿಕ್ ಕೌನ್ಸೆಲರ್:
ಒಪ್ಪಿಗೆ ಪಡೆದೇ ಹೇಳಿದ್ದು, ಸಹಿ ಇದೆ. ಒಪ್ಪದಿದ್ದರೆ ಏನು ಅಂತಾನೂ ಯೋಚನೆ ಮಾಡಿದೀನಿ. ತಂದೆಗೆ ಹಂಟಿಂಗ್ಟನ್ ಅನ್ನೋ ವಂಶವಾಹಿ ಮಿದುಳಿನ ಕಾಯಿಲೆ ಇದೆ ಅಂತ ಡಾಕ್ಟರ್‌ಗಳು ಮಗಳಿಗೆ ಹೇಳದ ಕೇಸಲ್ಲಿ 2020ರಲ್ಲಿ ಲಂಡನ್ನಿನ ಹೈಕೋರ್ಟ್ ಪರಿಹಾರ ಕೊಡಲಿಲ್ಲ. ಆದರೆ ಮಗಳಿಗೆ ತಿಳಿಯೋ ಹಿತ, ತಂದೆಯ ಗೌಪ್ಯತೆ ಎರಡನ್ನೂ ತೂಗಿ ನೋಡೋ ಕರ್ತವ್ಯ ಡಾಕ್ಟರಿಗಿದೆ ಅಂತು. ತೂಗದೆ ಸುಮ್ಮನಿರೋದಕ್ಕೆ ಗೌಪ್ಯತೆ ಅನ್ನೋ ಹೆಸರು ಕೊಡಬೇಡಿ.

ಪ್ರಾದೇಶಿಕ ಡಾಕ್ಟರ್:
ನಾನು ಸುಮ್ಮನಿದ್ದೆ ಅಂತ ಯಾರು ಹೇಳಿದ್ದು?

ಲ್ಯಾಬ್ ಮುಖ್ಯಸ್ಥೆ:
ಆ ದರ್ಜೆ 4 ಕೊಟ್ಟ ಲ್ಯಾಬ್ ನಮ್ಮದಲ್ಲ ಅಂತ ಬರೆಯೋಕೆ ಹೊರಟಿದ್ದೆ. ರಿಜಿಸ್ಟರ್ ನೋಡದೆ ಬರೆಯಲ್ಲ. ರೋಗಿ ಹೆಸರು ಬೇಡ, ವೇರಿಯಂಟ್ ಮಾತ್ರ ಕಳಿಸಿ ಮೇಡಂ.

ಜೆನೆಟಿಕ್ ಕೌನ್ಸೆಲರ್:
ಕಳಿಸ್ತೀನಿ. ಉತ್ತರ ಬರಹದಲ್ಲಿ ಬೇಕು, ತಾರೀಖು ಸಮೇತ.